ನಡೆ ತೆಗೆದ ಓಣಿ

ಬಾಗಿಲಿಗೆ ಗುಂಡು ಇಡಬೇಡ ಎಂದು ಹುಲಿಗೆಮ್ಮ ಎಷ್ಟು ಸಲ ಹೇಳಿದರೂ ಅವಳ ಅವ್ವ ಈರಮ್ಮ ಕೇಳಿರಲಿಲ್ಲ. ರೊಟ್ಟಿಮನೆಗೆ ಬಂದವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೂಲೆಯಲ್ಲಿದ್ದ ರುಬ್ಬುಗುಂಡನ್ನು ಕಾಲಿನಿಂದಲೇ ಉರುಳಿಸುತ್ತ ತಂದು ಹೊಸ್ತಿಲ ಮೇಲೆ ನಿಲ್ಲಿಸುವುದು ಅವಳ ಮೊದಲ ಕೆಲಸ. ಆಮೇಲೇ ಹಿಟ್ಟಿಗೆ ಕೈ. ಆ ಗುಂಡು ಮೇಲಿನ ಊರಿನದು. ಊರು ಬಿಟ್ಟು ಇಳಿಯುವಾಗ ಒರಳನ್ನು ಅಲ್ಲೇ ಬಿಸಿಲಿಗೆ ಬಿಟ್ಟು, ಗುಂಡೊಂದನ್ನೇ ಅವಳು ಕೂಸಿನ ಹಾಗೆ ಎತ್ತಿಕೊಂಡು ಬಂದಿದ್ದಳು.

ಎರಡು ಹೊಳೆಗಳ ನಡುವಿನ ಆ ಸೀಮೆಯಲ್ಲಿ ಬಿಸಿಲು ಮನುಷ್ಯರು ತಾಳುವಷ್ಟಕ್ಕೆ ನಿಂತಿರಲಿಲ್ಲ. ಬಂಡೆಗಳು ಮಧ್ಯಾಹ್ನ ಸಿಡಿಯುತ್ತಿದ್ದವು. ಜನ ಹಳೆಯ ಚಿನ್ನದ ಗಣಿಯೊಳಗೆ ಇಳಿದರು. ಸುರಂಗಗಳು ಓಣಿಗಳಾದವು, ಓಣಿಗಳ ಬದಿಗೆ ಕಲ್ಲು ಕೊರೆದು ಮನೆಗಳಾದವು. ಊರಿಗೆ ಒಳಗೇರಿ ಎಂದು ಹೆಸರಾಯಿತು. ಅಲ್ಲಿನ ಬಾಗಿಲುಗಳು ಗೇಣುದಪ್ಪ. ತಂಪು ಹೊರಗೆ ಹೋಗಬಾರದು, ಸೆಕೆ ಒಳಗೆ ಬರಬಾರದು. ಅದಕ್ಕೇ ಬಾಗಿಲು ಅರೆತೆರೆದು ಬಿಡುವುದು ಒಳಗೇರಿಯಲ್ಲಿ ತಪ್ಪು.

ಬಾಗಿಲುಗಳಿಗೆ ಕೀಲಿಕೈ ಇರಲಿಲ್ಲ. ಅಪ್ಪಣೆ ಇತ್ತು. ಊರೊಳಗೆ ಓಣಿ, ಓಣಿಯೊಳಗೆ ಮನೆ, ಮನೆಯೊಳಗೆ ಕೋಣೆ, ಕೋಣೆಯೊಳಗೆ ಒಲೆ, ದೀಪ, ಫ್ಯಾನು. ಒಂದರೊಳಗೊಂದು ಹೀಗೆ ಇಳಿಯುವ ಎಲ್ಲಕ್ಕೂ ಅಪ್ಪಣೆ ಮನೆಯ ಯಂತ್ರದಲ್ಲಿ ಒಂದೊಂದು ಹೆಸರಿತ್ತು, ಪ್ರತಿ ಹೆಸರಿಗೂ ಮೂರು ಅಪ್ಪಣೆ: ನೋಡು, ತಿದ್ದು, ನಡೆ. ಒಲೆಗೆ ನಡೆ ಇದ್ದರೆ ಒಲೆ ನಡೆಯುತ್ತದೆ, ಉರಿಯುತ್ತದೆ. ಕೋಣೆಗೆ ನಡೆ ಇದ್ದರೆ ಜನ ಅದರೊಳಗೆ ನಡೆದು ಹೋಗಬಹುದು, ನಡೆದು ಬರಬಹುದು. ಮಾತು ಒಂದೇ. ದಿನವಿಡೀ ಬಾಯಲ್ಲಿ ಓಡಾಡುವ ಮಾತಾದ್ದರಿಂದ ಅದರೊಳಗೆ ಎರಡು ಅರ್ಥ ಕೂತಿವೆ ಎಂದು ಯಾರಿಗೂ ಅನ್ನಿಸಿರಲಿಲ್ಲ.

ಹುಲಿಗೆಮ್ಮ ಕೆಲಸ ಮಾಡುತ್ತಿದ್ದದ್ದು ಆ ಅಪ್ಪಣೆ ಮನೆಯಲ್ಲೇ. ಗೋಡೆಗೆ ಹಾಕಿದ ದೊಡ್ಡ ಹಲಗೆಯ ಮೇಲೆ ಊರಿನ ಪ್ರತಿ ಬಾಗಿಲಿಗೂ ಒಂದು ದೀಪ. ಮುಚ್ಚಿದ ಬಾಗಿಲಿಗೆ ಹಸಿರು, ಅರೆತೆರೆದದ್ದಕ್ಕೆ ಹಳದಿ. ಗಂಗಾಳ ಓಣಿಯ ಕೊನೆಯ ದೀಪ, ರೊಟ್ಟಿಮನೆಯದು, ಸದಾ ಹಳದಿ. ಅದಕ್ಕೆ ಅಲ್ಲಿಯವರು ‘ಈರಮ್ಮನ ಗುಂಡು’ ಎಂದೇ ಹೆಸರಿಟ್ಟಿದ್ದರು. ಹೊಸದಾಗಿ ಬಂದವರಿಗೆ ಊರಿನ ನಕಾಶೆ ತೋರಿಸುವಾಗಲೂ, “ಇದು ದೊಡ್ಡ ಬಾಗಿಲ, ಇದು ನೀರಿನ ಮನಿ, ಇದು ಈರಮ್ಮನ ಗುಂಡು” ಎಂದು ನಗುತ್ತಿದ್ದರು. ಹುಲಿಗೆಮ್ಮ ನಗುತ್ತಿರಲಿಲ್ಲ. ತಲೆ ತಗ್ಗಿಸಿ ಕೀಲಿಮಣೆಯ ಅಕ್ಷರಗಳನ್ನು ನೋಡುತ್ತಿದ್ದಳು. ಮಾತಾಡುವುದು ಅವಳಿಗೆ ಮೊದಲಿನಿಂದಲೂ ಕಷ್ಟ. ಯಾರು ಏನು ಮಾಡುತ್ತಾರೆ ಎಂದು ಕೂತು ನೋಡುವುದು ಸುಲಭ.

ಆ ದಿನ ಬೆಳಗ್ಗೆ ಅವಳು ಕೆಲಸಕ್ಕೆ ಹೋಗುವ ದಾರಿಯಲ್ಲಿ ರೊಟ್ಟಿಮನೆಗೆ ಹೋದಳು. ಓಣಿಯ ಹೆಂಗಸರು ಆಗಲೇ ಸುತ್ತ ಕೂತಿದ್ದರು. ರೊಟ್ಟಿ ಬಡಿಯುವ ಸದ್ದು ಕಲ್ಲಿಗೆ ತಾಗಿ ಮರಳಿ ಬರುತ್ತಿತ್ತು.

“ಅವ್ವಾ, ಇವತ್ತೊಂದಿನ ಆ ಗುಂಡು ತೆಗಿ. ಮೇಲಿನ ಸಾಹೇಬ್ರು ನಿನ್ನೆ ಎಲ್ಲಾರ ಎದುರಿಗೆ ನನ್ನ ಕೇಳ್ಯಾರ.”

“ಏನಂತ ಕೇಳಿದ್ರು?”

“ನಿಮ್ಮವ್ವಗ ಬಾಗಿಲ ಹಾಕ್ಲಿಕ್ಕೆ ಬರಂಗಿಲ್ಲೇನು ಅಂತ.”

ಈರಮ್ಮ ಕೈಯಲ್ಲಿದ್ದ ರೊಟ್ಟಿಯನ್ನು ಹಂಚಿಗೆ ಹಾಕಿದಳು. “ನನಗ ಬರತದ. ಬಾಗಿಲಕ್ಕ ತೆಗಿಯೋದು ಬರಂಗಿಲ್ಲಂದ್ರ ಏನ್ ಮಾಡ್ಲಿ?”

ಪಕ್ಕದಲ್ಲಿ ಕೂತಿದ್ದ ಖಾಜಾಬಿ ನಕ್ಕಳು. “ನೋಡವಾ ಹುಲಿಗಿ, ಊರಾಗಿನ ಬಾಗಿಲೆಲ್ಲ ನಿನ್ನ ಮಾತು ಕೇಳ್ತಾವ. ನಿಮ್ಮವ್ವ ಒಬ್ಬಾಕಿನ ಕೇಳಂಗಿಲ್ಲ.”

“ನಗಬ್ಯಾಡ್ರಿ ಚಿಗವ್ವಾ,” ಎಂದಳು ಹುಲಿಗೆಮ್ಮ. “ನನಗ ಅಲ್ಲಿ ಮಾರಿ ಎತ್ತಿ ಕುಂದ್ರಲಿಕ್ಕೆ ಆಗವಲ್ದು.”

ಈರಮ್ಮ ಮಗಳ ಮುಖವನ್ನು ಒಂದು ಗಳಿಗೆ ನೋಡಿದಳು. “ಆತು ಹೋಗು,” ಎಂದಳು. ಅಷ್ಟೇ.

ಅಪ್ಪಣೆ ಮನೆಯಲ್ಲಿ ಹುಲಿಗೆಮ್ಮ ದಿನವೂ ಬಂದೊಡನೆ ಮಾಡುವ ಕೆಲಸವನ್ನೇ ಮಾಡಿದಳು. ‘ಹುಡುಕು, ಕೋಣೆ ಮಾತ್ರ, ಬಾಗಿಲು ಅರೆತೆರೆ’ ಎಂದು ಒತ್ತಿದಳು. ಯಂತ್ರ ಊರೆಲ್ಲ ಇಳಿದು ಹತ್ತಿ ಬಂದು, ಒಂದೂ ಇಲ್ಲ ಎಂದಿತು. ತಲೆ ಎತ್ತಿ ನೋಡಿದರೆ ಗಂಗಾಳ ಓಣಿಯ ಕೊನೆಯ ದೀಪ ಹಸಿರಾಗಿತ್ತು.

“ಏನಿದು, ಈರಮ್ಮನ ಗುಂಡು ಕಾಣವಲ್ದು!” ಎಂದ ಸೂಗಪ್ಪ ಕಾಕಾ. ಅಪ್ಪಣೆ ಮನೆಯ ಹಿರಿಯ ಅವನು. ಊರು ಇಳಿದ ಮೊದಲ ವರ್ಷದಿಂದ ಅಲ್ಲೇ ಇದ್ದವ. “ಯಾವ ದೇವರಿಗೆ ಬೇಡಿಕೊಂಡಿ?”

ಹುಲಿಗೆಮ್ಮನಿಗೆ ನಗು ಬಂತು. ಅದರ ಹಿಂದೆಯೇ, ಹಸಿರು ದೀಪ ನೋಡಿದಷ್ಟೂ ಏನೋ ಒಂದು ಸರಿಯಿಲ್ಲ ಅನ್ನಿಸಿತು. ರೂಢಿ ತಪ್ಪಿದ್ದಕ್ಕೆ ಹಾಗೆ ಆಗುತ್ತಿರಬೇಕು ಎಂದುಕೊಂಡಳು.

ಊಟದ ಹೊತ್ತಿಗೆ ಸ್ವಲ್ಪ ಮುಂಚೆ ಮೇಲಿನ ಸಾಹೇಬರ ದನಿ ಗೋಡೆಯ ಸ್ಪೀಕರಿನಲ್ಲಿ ಕೇಳಿತು. ಗಂಗಾಳ ಓಣಿಗೆ ಆ ತಿಂಗಳು ಹಂಚಿದ ಹೊಸ ಒಲೆಗಳಲ್ಲಿ ದೋಷವಿತ್ತು. ತಳದ ಪದರ ಸುಟ್ಟು ಕಪ್ಪು ಹೊಗೆ ಬರುತ್ತಿದೆ ಎಂದು ಎರಡು ಮನೆಯವರು ಹೇಳಿಕಳಿಸಿದ್ದರು.

“ಓಣಿಯಾಗ ನಡಿಯೋದೆಲ್ಲ ನಿಲ್ಲಸ್ರಿ,” ಎಂದರು ಸಾಹೇಬರು. “ಈಗಿಂದೀಗ.”

“ಒಲಿ ಅಷ್ಟ ನಿಲ್ಲಸಿದ್ರ ಆಗೂದಿಲ್ಲೇನ್ರಿ?” ಎಂದ ಸೂಗಪ್ಪ.

“ಯಾವುದು ಒಲಿ ಅಂತ ಹೆಂಗ ಹುಡುಕ್ತೀರಿ? ಹೊಗಿ ಬರ್ಲಿಕತ್ತದ ರೀ!”

ಅದೂ ನಿಜವೇ. ವಸ್ತುಗಳಿಗೆ ಹೆಸರಿಡುವವರು ಮನೆಯವರು. ಒಬ್ಬರು ಒಲೆಗೆ ‘ದೊಡ್ಡಾಕಿ’ ಎಂದು ಹೆಸರಿಟ್ಟಿದ್ದರೆ ಇನ್ನೊಬ್ಬರು ‘ಕೆಂಡಪ್ಪ’ ಎಂದಿಟ್ಟಿದ್ದರು. ಆ ಹೆಸರು ನೋಡುವ ಅಪ್ಪಣೆಯೂ ಮನೆಯವರಿಗೇ. ಅಪ್ಪಣೆ ಮನೆಗೆ ಬಿಟ್ಟುಕೊಟ್ಟಿದ್ದದ್ದು ಬಗೆ ತಿಳಿಯುವುದು ಮಾತ್ರ: ಇದು ಕೋಣೆ, ಇದು ವಸ್ತು. ಅದರಾಚೆಗೆ ಅವರಿಗೆ ಏನೂ ಕಾಣುತ್ತಿರಲಿಲ್ಲ.

“ಬರಿಯವಾ,” ಎಂದ ಸೂಗಪ್ಪ. “ನಡೆ ತೆಗಿ. ಕೆಳಗಿಳಿ ಅಂತ ಹಾಕು, ಒಂದೊಂದ ಮನಿ ತಿರುಗ್ಲಿಕ್ಕೆ ಹೊತ್ತಿಲ್ಲ.”

ಹುಲಿಗೆಮ್ಮನ ಬೆರಳು ಓಡಿದವು. ‘ತೆಗೆ ನಡೆ, ಕೆಳಗಿಳಿ, ಗಂಗಾಳ ಓಣಿ.’ ಒತ್ತುವ ಮುಂಚೆ ಒಂದು ಸಣ್ಣ ಅನುಮಾನ ಅವಳಿಗೆ ಬಂತು. ನಡೆಯುವುದೆಲ್ಲ ಎಂದರೆ ಎಲ್ಲವೂ ಎಂದೇ? ಕೇಳಲೇ? ಸಾಹೇಬರು ಇನ್ನೂ ಆ ಕಡೆ ಇದ್ದರು. ಅವರ ಉಸಿರು ಸ್ಪೀಕರಿನಲ್ಲಿ ಕೇಳುತ್ತಿತ್ತು. ನಿನ್ನೆ ಎಲ್ಲರ ಎದುರು ಕೇಳಿದ ಅದೇ ದನಿ. ಅವಳು ಒತ್ತಿದಳು.

‘ಕೆಳಗಿಳಿ’ ಎಂಬ ಆಜ್ಞೆ ಮನೆಗೆ ಬೀಗ ಹಾಕಿ ಹೊರಡುವವರ ಹಾಗೆ ಕೆಲಸ ಮಾಡುತ್ತದೆ. ಮೊದಲು ತೀರ ಒಳಗೆ ಹೋಗುತ್ತದೆ. ಅಲ್ಲಿಂದ ಒಂದೊಂದನ್ನೇ ಮುಗಿಸುತ್ತ ಹೊರಗೆ ಬರುತ್ತದೆ. ಗಂಗಾಳ ಓಣಿಯ ಒಲೆಗಳು ನಿಂತವು. ದೀಪಗಳು, ಫ್ಯಾನುಗಳು, ಫೋನುಗಳು ನಿಂತವು. ಅವುಗಳ ಹಿಂದೆಯೇ ಒಳಕೋಣೆಗಳು, ಹೊರಕೋಣೆಗಳು, ಮನೆಗಳು. ಕಡೆಗೆ ಓಣಿಯ ಹೆಬ್ಬಾಗಿಲು. ಹಲಗೆಯ ಮೇಲೆ ಓಣಿಯ ಹಸಿರು ದೀಪಗಳು ಒಂದು ತುದಿಯಿಂದ ಇನ್ನೊಂದು ತುದಿಗೆ ಆರಿಹೋದವು.

“ನಿಂತವು ನೋಡು,” ಎಂದು ಸೂಗಪ್ಪ ಉಸಿರು ಬಿಟ್ಟ. ಆಮೇಲೆ ಹಲಗೆಯ ಕಡೆ ಬಾಗಿ ಕಣ್ಣು ಕಿರಿದು ಮಾಡಿದ. “ಬಾಗಿಲದ ದೀಪ ಯಾಕ ಆರಿದವು?”

ಹುಲಿಗೆಮ್ಮ ಆರಿದ ದೀಪಗಳನ್ನು ನೋಡಿದಳು. ಅವಳಿಗೆ ತಿಳಿದುಹೋಗಿತ್ತು. ಕೋಣೆಗಳಿಗೂ ನಡೆ ಹೋಗಿತ್ತು. ಯಾವ ಬಾಗಿಲೂ ಇನ್ನು ಯಾರಿಗೂ ತೆರೆಯುವುದಿಲ್ಲ. ಒಳಗಿದ್ದವರು ಒಳಗೆ, ಹೊಗೆಯೂ ಒಳಗೆ. ಹೊಗೆ ಎಳೆಯುವ ಫ್ಯಾನು ನಿಂತಿದೆ. ರೊಟ್ಟಿಮನೆಯಲ್ಲಿ ಊಟದ ಹೊತ್ತಿಗೆ ಎಲ್ಲ ಒಲೆಗಳೂ ಉರಿಯುತ್ತಿರುತ್ತವೆ, ಎಲ್ಲವೂ ಹೊಸ ಒಲೆಗಳೇ. ಹೊಸ್ತಿಲ ಮೇಲೆ ಗುಂಡಿಲ್ಲ.

ಅವಳು ಫೋನೆತ್ತಿ ಅವ್ವನಿಗೆ ಹಚ್ಚಿದಳು. ಫೋನೂ ನಡೆಯುವ ವಸ್ತುವೇ. ಆ ಕಡೆಯಿಂದ ಏನೂ ಕೇಳಲಿಲ್ಲ, ಗಂಟೆಯ ಸದ್ದು ಕೂಡ.

ಅಷ್ಟರಲ್ಲಿ ಓಣಿಯ ಹೆಬ್ಬಾಗಿಲ ಬಳಿಯ ಕಾವಲುಗಾರ ಸ್ಪೀಕರಿನಲ್ಲಿ ಕೂಗುತ್ತ ಮಾತಾಡಿದ. ಬಾಗಿಲು ಒಳಗಿನಿಂದ ಬಡಿಯುತ್ತಿದ್ದಾರೆ, ಹಾರೆ ಹಾಕಿದರೂ ಜಗ್ಗುವುದಿಲ್ಲ, ಕಲ್ಲು ಕೊರೆಯುವ ಯಂತ್ರ ಮೇಲಿನಿಂದ ಬರಬೇಕು, ಹೊತ್ತು ಹಿಡಿಯುತ್ತದೆ.

ಸೂಗಪ್ಪ ಅವಳ ಕೀಲಿಮಣೆಯನ್ನು ತನ್ನ ಕಡೆ ಎಳೆದುಕೊಂಡ. “ಏನಾಗಂಗಿಲ್ಲ. ತೆಗೆದದ್ದು ತಿರುಗಿ ಕೊಟ್ರ ಆತು.” ‘ಕೊಡು ನಡೆ, ಕೆಳಗಿಳಿ, ಗಂಗಾಳ ಓಣಿ’ ಎಂದು ಬರೆದ. ಕೈ ಕೊನೆಯ ಕೀಲಿಯ ಮೇಲೆ ಹೋಯಿತು.

ಹುಲಿಗೆಮ್ಮ ಅವನ ಮಣಿಕಟ್ಟು ಹಿಡಿದಳು.

ಹಿಡಿದದ್ದು ತಾನೇ ಎಂದು ಅವಳಿಗೆ ತಡವಾಗಿ ತಿಳಿಯಿತು. ಸೂಗಪ್ಪನಿಗೂ ಆಶ್ಚರ್ಯವಾಗಿತ್ತು.

“ಬ್ಯಾಡ್ರಿ ಕಾಕಾ. ಎಲ್ಲಾಕ್ಕೂ ಕೊಟ್ರ ಒಲಿಗೂ ಕೊಟ್ಟಂಗ. ಉರಿಯೋವಾಗ ನಿಂತಾವು ಅವು. ನಡೆ ಸಿಕ್ಕ ಕೂಡ್ಲೆ ಅಷ್ಟ ಉರಿ ಇಟ್ಟು ಹತ್ತತಾವ. ಕತ್ತಲ್ಯಾಗ ಯಾರು ಎಲ್ಲಿ ಕುಂತಾರೋ.”

ಸೂಗಪ್ಪನ ಕೈ ಕೀಲಿಮಣೆಯಿಂದ ಹಿಂದೆ ಸರಿಯಿತು. ಹಣೆ ಒರೆಸಿಕೊಂಡ. “ಹೌದಲ್ಲ. ಹೌದು. ಹಳೇದರಾಗ ಇದಕ್ಕ ದಾರಿ ಇತ್ತವಾ. ಈ ಯಂತ್ರ ಮೊದಲ ಪರಭಾಷೆಯಾಗ ಇತ್ತು. ಅವರಿಗೆ ಸಣ್ಣ ಅಕ್ಷರ ದೊಡ್ಡ ಅಕ್ಷರ ಅಂತ ಎರಡು. ನಡೆ ಅನ್ನೋದಕ್ಕ ಅವರದು ಒಂದ ಅಕ್ಷರ, ಅದನ್ನ ಸಣ್ಣದು ಹಾಕಿದ್ರ ಎಲ್ಲಾಕ್ಕೂ ನಡೆ ಸಿಗತದ, ಅದನ್ನ ದೊಡ್ಡದು ಹಾಕಿದ್ರ ಕೋಣಿಗೆ ಮಾತ್ರ. ನಾವು ಕನ್ನಡಕ್ಕ ತರೋವಾಗ…” ಅವನು ಬರಿಗೈ ತೋರಿಸಿದ. “ನಮ್ಮ ಅಕ್ಷರದಾಗ ದೊಡ್ಡದು ಎಲ್ಲಿಂದ ತರೋದು? ಎರಡಕ್ಕೂ ನಡೆ ಅಂತ ಹಾಕಿ ಕೈ ತೊಳಕೊಂಡ್ವಿ.”

ಕಾವಲುಗಾರನ ದನಿ ಮತ್ತೆ ಬಂತು. ಬಾಗಿಲ ಸಂದಿಯಲ್ಲಿ ವಾಸನೆ ಬರುತ್ತಿದೆ ಎಂದ.

“ನಿಮ್ಮವ್ವನ ಬಾಗಿಲ ಅಷ್ಟರ ಮೊದಲ ತೆಗಿ,” ಎಂದ ಸೂಗಪ್ಪ ಮೆಲ್ಲಗೆ. “ದಾರಿ ನಿನಗ ಗೊತ್ತಲ್ಲ.”

ಕಣ್ಣು ಮುಚ್ಚಿದರೂ ಗೊತ್ತಿತ್ತು. ಹೆಬ್ಬಾಗಿಲು, ನಡುಓಣಿ, ಬಾವಿಕಟ್ಟೆ, ರೊಟ್ಟಿಮನೆ. ಕೊನೆಯ ಹೆಸರು ಸರಿಯಾಗಿ ತಾಗುತ್ತದೆಯೋ ಎಂದು ಅದನ್ನೇ ಮೊದಲು ಒತ್ತಿ ನೋಡಿದಳು. ‘ರೊಟ್ಟಿಮನೆ: ಅಂಥ ಹೆಸರಿಲ್ಲ.’ ಹೆಂಗಸರು ಅದಕ್ಕೆ ಬೇರೆ ಹೆಸರಿಟ್ಟಿದ್ದರು. ಏನೆಂದು ಅವಳಿಗೆ ಗೊತ್ತಿರಲಿಲ್ಲ. ಖಾಜಾಬಿ ಯಾವಾಗಲೋ ನಗುತ್ತ ಹೇಳಿದ್ದಳು. ಹುಲಿಗೆಮ್ಮ ನಕಾಶೆಯ ಗುಂಗಿನಲ್ಲಿ ಕೇಳಿಸಿಕೊಂಡಿರಲಿಲ್ಲ. ಅವ್ವ ದಿನವೂ ಕೂಡುವ ಕೋಣೆಯ ಹೆಸರು ಅವಳಿಗೆ ತಿಳಿಯದು.

ಹೆಸರು ಬೇಡ. ಹೆಸರಿಲ್ಲದೆ ಕೋಣೆಯನ್ನು ಗುರುತಿಸುವುದು ಹೇಗೆ? ಅದನ್ನು ಅವಳು ದಿನವೂ ಬೆಳಗ್ಗೆ ಮಾಡುತ್ತಿದ್ದಳು. ಅವ್ವನ ಗುಂಡನ್ನು ಹಿಡಿದುಕೊಡುತ್ತಿದ್ದ ಅದೇ ಆಜ್ಞೆ.

‘ಹುಡುಕು, ಕೋಣೆ ಮಾತ್ರ, ಗಂಗಾಳ ಓಣಿ. ಸಿಕ್ಕವಕ್ಕೆಲ್ಲ ಕೊಡು ನಡೆ.’

ಯಂತ್ರ ತಡಮಾಡದೆ ಉತ್ತರಿಸಿತು. ‘ಸಿಕ್ಕಿದ ಕೋಣೆ ಒಂದು. ಗಂಗಾಳ ಓಣಿ. ಒಳಗೆ ಹೋಗಲು ನಡೆ ಇಲ್ಲ.’ ಹಲಗೆಯ ಮೇಲೆ ಹೆಬ್ಬಾಗಿಲ ದೀಪವೊಂದೇ ಹೊತ್ತಿತು.

“ಹೆಬ್ಬಾಗಿಲ ತೆಗೀತು!” ಎಂದು ಕಾವಲುಗಾರ ಕೂಗಿದ. ಅವನ ಹಿಂದೆ ಜನ ಕೆಮ್ಮುತ್ತ ಓಡುವ ಸದ್ದು. ಅವರು ಓಣಿಯಲ್ಲಿ ನಿಂತಿದ್ದವರು ಮಾತ್ರ. ಮನೆಗಳು ಇನ್ನೂ ಮುಚ್ಚಿದ್ದವು.

ಹುಲಿಗೆಮ್ಮ ಯಂತ್ರದ ಉತ್ತರವನ್ನು ಮತ್ತೊಮ್ಮೆ ಓದಿದಳು. ಯಂತ್ರ ಮೊದಲು ಎಲ್ಲ ಹುಡುಕಿ, ಆಮೇಲೆ ಕೊಡಲು ಹೋಗಿತ್ತು. ಹುಡುಕಲಿಕ್ಕೂ ಅದು ಬಾಗಿಲು ದಾಟಬೇಕಲ್ಲ. ಯಂತ್ರಕ್ಕೂ ಮುಚ್ಚಿದ ಬಾಗಿಲು ಮುಚ್ಚಿದ ಬಾಗಿಲೇ. ಒಂದು ಬಾಗಿಲಿಗೆ ಹೋಗಬೇಕು, ಅದನ್ನು ತೆರೆಯಬೇಕು, ಆಮೇಲೆ ಒಳಗೆ ಕಾಲಿಡಬೇಕು, ಮುಂದಿನ ಬಾಗಿಲು. ಯಾರಾದರೂ ಮನುಷ್ಯರನ್ನು ಕಳಿಸಿದರೆ ಹೇಗೆ ಹೋಗುತ್ತಿದ್ದರೋ ಹಾಗೆ.

‘ಹುಡುಕು, ಕೋಣೆ ಮಾತ್ರ, ಗಂಗಾಳ ಓಣಿ. ಸಿಕ್ಕ ಸಿಕ್ಕಲ್ಲೇ ಕೊಡು ನಡೆ. ಆಮೇಲೆ ಒಳಗಿಳಿ.’

ಸೂಗಪ್ಪ ಅವಳ ಹೆಗಲ ಮೇಲಿಂದ ಒಂದೊಂದೇ ಮಾತನ್ನು ಬೆರಳಿಟ್ಟು ಓದಿದ. ಒಂದು ಸಲ ಓದಿ, ಮತ್ತೆ ಮೊದಲಿನಿಂದ ಓದಿದ. “ವಸ್ತು ಎಲ್ಲೂ ಇಲ್ಲ,” ಎಂದ. “ಒತ್ತು.”

ಮೊದಲ ಮನೆಯ ದೀಪ ಹೊತ್ತಿತು. ಅದರ ಒಳಕೋಣೆ. ಎರಡನೆಯ ಮನೆ. ಯಂತ್ರ ಅವಸರವಿಲ್ಲದೆ ಒಂದೊಂದು ಹೊಸ್ತಿಲು ದಾಟಿ ಹೋಗುತ್ತಿತ್ತು. ದೀಪಗಳು ಹಸಿರಾಗುತ್ತಿದ್ದವು, ಹಿಂದೆಯೇ ಹಳದಿಯಾಗುತ್ತಿದ್ದವು. ಒಳಗಿದ್ದವರು ಬಾಗಿಲು ತಳ್ಳಿ ಹೊರಗೆ ಬರುತ್ತಿದ್ದಾರೆ. ಹಳದಿ ಬಣ್ಣ ನೋಡಿ ಹುಲಿಗೆಮ್ಮನಿಗೆ ಅಳು ಬರುವಂತಾಯಿತು. ಜೀವ ಇದ್ದಲ್ಲಿ ಹಳದಿ.

ಕೊನೆಯ ದೀಪ ಹಸಿರಾಯಿತು.

ಹಸಿರಾಗಿಯೇ ನಿಂತಿತು.

ಬಾಗಿಲಿಗೆ ನಡೆ ಬಂದಿದೆ, ಆದರೆ ಯಾರೂ ಅದನ್ನು ತಳ್ಳುತ್ತಿಲ್ಲ. “ತಳ್ಳವ್ವಾ,” ಎಂದಳು ಹುಲಿಗೆಮ್ಮ ಹಲಗೆಗೆ. “ತಳ್ಳು.” ಕತ್ತಲಲ್ಲಿ ಅವರಿಗೆ ಹೇಗೆ ಗೊತ್ತಾಗಬೇಕು, ಬಾಗಿಲು ಈಗ ತೆರೆಯುತ್ತದೆ ಎಂದು? ಬಡಿದು ಬಡಿದು ಸೋತು ಕೂತಿದ್ದರೆ? ಕೂತಿಲ್ಲ, ಬಿದ್ದಿದ್ದರೆ? ಅವಳು ಸ್ಪೀಕರಿನ ಗುಂಡಿ ಒತ್ತಿ ಕಾವಲುಗಾರನಿಗೆ ಕೂಗಿದಳು. ಅವಳ ದನಿ ಅಷ್ಟು ದೊಡ್ಡದಿದೆ ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. “ಕೊನೀ ಬಾಗಿಲ! ರೊಟ್ಟಿಮನಿ! ಹೊರಗಿಂದ ತಳ್ಳ್ರಿ!” ಕೂಗಿ ಮುಗಿಸುವಷ್ಟರಲ್ಲಿ ಕುರ್ಚಿ ಹಿಂದಕ್ಕೆ ಬಿದ್ದು, ಅವಳು ಮೆಟ್ಟಿಲಿಳಿಯುತ್ತಿದ್ದಳು.

ಗಂಗಾಳ ಓಣಿಯಲ್ಲಿ ಕತ್ತಲಿತ್ತು. ಜನ ಕೈದೀಪ ಹಿಡಿದು ತಮ್ಮ ತಮ್ಮವರನ್ನು ಕೂಗುತ್ತಿದ್ದರು. ಬಾವಿಕಟ್ಟೆಯ ಹತ್ತಿರ ರೊಟ್ಟಿಮನೆಯ ಹೆಂಗಸರು ಸಾಲಾಗಿ ಗೋಡೆಗೆ ಒರಗಿದ್ದರು. ಕೆಲವರು ಮಲಗಿದ್ದರು. ಎಲ್ಲರ ಮುಖಕ್ಕೂ ಹಸಿ ಹಿಟ್ಟು ಮೆತ್ತಿತ್ತು, ಅದರ ಮೇಲೆ ಮಸಿ. ಯಾರು ಯಾರೆಂದು ತಿಳಿಯುತ್ತಿರಲಿಲ್ಲ. ಹುಲಿಗೆಮ್ಮ ಒಬ್ಬೊಬ್ಬರ ಮುಖಕ್ಕೆ ದೀಪ ಹಿಡಿಯುತ್ತ ಹೋದಳು.

“ಕಣ್ಣಿಗೆ ಹಿಡೀಬ್ಯಾಡ ದೀಪ,” ಎಂದಿತು ಒಂದು ದನಿ. ಒಡೆದ ದನಿ. ಆದರೂ ಅದೇ.

“ಅವ್ವಾ!”

“ಒದ್ದಿ ಅರಿವಿಗೆ ಹಿಟ್ಟು ಬಳಕೊಂಡು ಮೂಗಿಗೆ ಕಟ್ಕೊಳ್ರಿ, ನೆಲಕ್ಕ ಮಲಗ್ರಿ ಅಂದಳು ನಿಮ್ಮವ್ವ,” ಎಂದಳು ಪಕ್ಕದಿಂದ ಖಾಜಾಬಿ, ಕೆಮ್ಮಿನ ನಡುವೆ. “ನಾಳಿ ಹಿಟ್ಟೆಲ್ಲ ನಮ್ಮ ಮಾರಿಗೇ ಆತು.” ಹೇಳಿ ಅವಳು ನಗಲು ಹೋದಳು. ನಗು ಬರಲಿಲ್ಲ, ಅಳು ಬಂತು.

ಹುಲಿಗೆಮ್ಮ ಅವ್ವನ ಪಕ್ಕ ಕುಸಿದಳು. ಏನೋ ಹೇಳಬೇಕೆಂದು ಬಾಯಿ ತೆರೆದಳು. ತಾನೇ ಒತ್ತಿದ್ದು ಎಂದು ಹೇಳಬೇಕಿತ್ತು.

“ಇವತ್ತ ನಿನ್ನ ಮಾತು ಕೇಳಿದ್ನಲ್ಲ,” ಎಂದಳು ಈರಮ್ಮ. ಸಿಟ್ಟಿನಿಂದಲ್ಲ. ಮಗಳಿಗೆ ಒಂದು ಸುದ್ದಿ ಹೇಳುವ ಹಾಗೆ. ಆಮೇಲೆ ಹಿಟ್ಟುಗೈಯಿಂದ ಮಗಳ ಕೈ ಹುಡುಕಿ ಹಿಡಿದುಕೊಂಡಳು. “ನಡಿ, ಮನಿಗೆ ಹೋಗೂಣು.”

ಯಾರೂ ಸಾಯಲಿಲ್ಲ. ಈರಮ್ಮನ ಉಸಿರಿನಲ್ಲಿ ಮಾತ್ರ ಸಣ್ಣ ಸೀಟಿಯೊಂದು ಉಳಿಯಿತು. ರಾತ್ರಿ ಮನೆಯಲ್ಲಿ ಎಲ್ಲ ಮಲಗಿದ ಮೇಲೆ ಹುಲಿಗೆಮ್ಮ ಅದನ್ನು ಕೇಳುತ್ತ ಬಿದ್ದುಕೊಂಡಿರುತ್ತಿದ್ದಳು. ಸೀಟಿ ಒಂದು ಗಳಿಗೆ ನಿಂತರೆ ಎದ್ದು ಕೂಡುತ್ತಿದ್ದಳು.

ತಾನೇ ಒತ್ತಿದ್ದೆಂದು ಅವಳು ಆ ವಾರವೇ ಹೇಳಿದಳು. ಅವ್ವ ಜೋಳ ಹಸನು ಮಾಡುತ್ತಿದ್ದಳು. “ಮುಚ್ಚಿದಾಕಿನೂ ನೀನ, ತೆಗೆದಾಕಿನೂ ನೀನ,” ಎಂದಳು. “ಮುಂದ ಅನುಮಾನ ಬಂದ್ರ ಬಾಯಿ ತೆಗಿ. ಬಾಯಿಗೇನ್ ಅಪ್ಪಣಿ ಬೇಕಾಗಿಲ್ಲ.”

ಅಪ್ಪಣೆ ಮನೆಯಲ್ಲಿ ಮಾತು ಬದಲಿಸುವ ಕೆಲಸ ಶುರುವಾಯಿತು. ಕೋಣೆಗೆ ಬೇರೆ ಮಾತು ಬೇಕು ಎಂದು ಮೇಲಿನಿಂದ ಹೇಳಿಕಳಿಸಿದ್ದರು. ಹೊಗು, ದಾಟು, ಪ್ರವೇಶ ಎಂದು ಒಬ್ಬೊಬ್ಬರು ಒಂದೊಂದು ಹೇಳಿದರು. ಸೂಗಪ್ಪ ಹುಲಿಗೆಮ್ಮನ ಕಡೆ ತಿರುಗಿದ.

“ಬಾ ಅಂತ ಇಡ್ರಿ,” ಎಂದಳು ಅವಳು.

“ಬಾ?”

“ಯಂತ್ರಕ್ಕ ನಡೆ. ಕೋಣಿಗೆ ಬಾ. ‘ತೆಗೆ ಬಾ’ ಅಂತ ಬರಿಯೋವಾಗ ಯಾರಿಗಾದ್ರೂ ಕೈ ತಡೀತದ.”

ಹಾಗೇ ಆಯಿತು.

ಹೊಸ ಮಾತು ಹಾಕಿದ ಮರುದಿನ ಬೆಳಗ್ಗೆ ಹುಲಿಗೆಮ್ಮ ರೊಟ್ಟಿಮನೆಗೆ ಹೋದಳು. ಗುಂಡು ಮೂಲೆಯಲ್ಲಿತ್ತು. ಅವ್ವ ಅದನ್ನು ಮುಟ್ಟಿರಲಿಲ್ಲ. ಬಾಗಿಲ ಎದುರೇ ಮಣೆ ಹಾಕಿಕೊಂಡು ರೊಟ್ಟಿ ಬಡಿಯುತ್ತಿದ್ದಳು. ಹುಲಿಗೆಮ್ಮ ಚಪ್ಪಲಿ ಬಿಟ್ಟು, ಗುಂಡನ್ನು ಕಾಲಿನಿಂದ ಉರುಳಿಸಲು ನೋಡಿದಳು. ಅವ್ವನಷ್ಟು ಸಲೀಸಾಗಿ ಬರಲಿಲ್ಲ. ಬಗ್ಗಿ ಎರಡೂ ಕೈಯಿಂದ ಎತ್ತಿ ಹೊಸ್ತಿಲ ಮೇಲೆ ಇಟ್ಟಳು. ಹೊರಡುವಾಗ ತಿರುಗಿ, “ಚಿಗವ್ವಾ, ಈ ಕೋಣಿಗೆ ನೀವು ಏನಂತ ಹೆಸರಿಟ್ಟೀರಿ?” ಎಂದು ಕೇಳಿದಳು.

“ಗಾಳಿಮನಿ ಅಂತ,” ಎಂದಳು ಖಾಜಾಬಿ.

ಅಪ್ಪಣೆ ಮನೆಗೆ ಬಂದು ಕೂತಾಗ ಗಂಗಾಳ ಓಣಿಯ ಕೊನೆಯ ದೀಪ ಹಳದಿಯಾಗಿತ್ತು. ಸ್ವಲ್ಪ ಹೊತ್ತಿಗೆ ಸ್ಪೀಕರು ಮಾತಾಡಿತು. “ಗಂಗಾಳ ಓಣಿಯಾಗ ಕೊನೀ ಬಾಗಿಲಕ್ಕ ಏನೋ ಅಡ್ಡ ಬಿದ್ದದ. ತೆಗಸ್ರಿ ಅದನ್ನ.”

ಸೂಗಪ್ಪ ಗುಂಡಿಯ ಕಡೆ ಕೈ ಚಾಚಿ, ಅಲ್ಲೇ ತಡೆದು, ಹುಲಿಗೆಮ್ಮನ ಮುಖ ನೋಡಿದ. ಅವಳೇ ಗುಂಡಿ ಒತ್ತಿದಳು.

“ಅದು ಅಡ್ಡ ಬಿದ್ದದ್ದಲ್ರಿ ಸಾಹೇಬ್ರ. ನಮ್ಮವ್ವನ ಗುಂಡು. ಅದು ಅಲ್ಲೇ ಇರತದ.”